ಬಾಯಿಗೆ ಇಟ್ಟ ಬೊಟ್ಟು

ನನ್ನ ಗಂಡನ ಎದೆಯ ಚೀಟಿ ಕೋಲಾರದ ಡಾಕ್ಟರಿಗೆ ತಲುಪಿದ್ದು ಅವನು ಸತ್ತ ನಾಲ್ಕನೇ ದಿನ. ಅಷ್ಟು ದಿನ ಅದು ಎಲ್ಲಿ ಕೂತಿತ್ತು, ಯಾಕೆ ಕೂತಿತ್ತು ಅನ್ನುವುದು ನನಗೆ ಗೊತ್ತಾಯಿತು. ನನ್ನ ಮಗಳಿಗೆ ಗೊತ್ತಿರಲಿಲ್ಲ. ಅವಳು ನಮ್ಮೂರ ಆಸ್ಪತ್ರೆಯ ಸಿಸ್ಟರಮ್ಮನ ಮೇಲೆ ಕೋಲಾರದ ಆಫೀಸಿಗೆ ದೂರು ಬರೆದು ಹಾಕಿದಳು. ಸಿಸ್ಟರಮ್ಮನ ಕೆಲಸ ಹೋಗುವ ಹಾಗಾಯಿತು. ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ.

ಆ ಆಸ್ಪತ್ರೆಯಲ್ಲಿ ಕಸ ಗುಡಿಸಿ ನೆಲ ಒರೆಸುವವಳು ನಾನು. ಶ್ರೀನಿವಾಸಪುರದಿಂದ ಕೋಲಾರದ ಕಡೆ ಬರುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಆಸ್ಪತ್ರೆ ಅಂದರೆ ನಾಲ್ಕು ರೂಮು, ಮುಂದೆ ಒಂದು ಪಡಸಾಲೆ, ಒಬ್ಬ ಡಾಕ್ಟರು, ಒಬ್ಬ ಸಿಸ್ಟರಮ್ಮ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಎರಡೂ ಅರ್ಧರ್ಧ ಬಂತು. ಬರೆಯುವುದು ನಿಧಾನ. ಆದರೆ ನೋಡಿದ್ದು ಮರೆಯುವವಳಲ್ಲ.

ನನ್ನ ಗಂಡ ನನ್ನ ತಾಯಿಯ ತಮ್ಮ. ಮದುವೆಗೆ ಮುಂಚೆ ಮಾವ ಅನ್ನುತ್ತಿದ್ದೆ, ಆಮೇಲೂ ಮಾವ ಅಂತಲೇ ಕರೆದೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದ. ಒಳ್ಳೆಯವನು ಕೆಟ್ಟವನು ಅಂತ ಹೇಳುವುದಕ್ಕೆ ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಹುಳುವಿಗೆ ಸೊಪ್ಪು ಹಾಕುತ್ತಿದ್ದ.

ಆಸ್ಪತ್ರೆಗೆ ಇಂಟರ್ನೆಟ್ಟಿನ ಗಾಜಿನ ವೈರು ಬಂದದ್ದು ಮಾವ ಸಾಯುವುದಕ್ಕೆ ಎಂಟು ತಿಂಗಳು ಮುಂಚೆ. ಅದನ್ನು ಎಳೆಯುವುದಕ್ಕೆ ಶ್ರೀನಿವಾಸಪುರದಿಂದ ಒಬ್ಬ ಲೈನಿನವನು ಬಂದ. ಐವತ್ತರ ಹತ್ತಿರದ ಆಳು, ತಲೆ ಅರ್ಧ ಬೋಳು, ಬಾಯಿ ತುಂಬ ತೆಲುಗು. ವೈರಿನ ತುದಿ ಬಂದು ಸೇರುವ ಪೆಟ್ಟಿಗೆಯನ್ನು ಎಲ್ಲಿ ಹೊಡೆಯುವುದು ಅಂತ ರೂಮು ರೂಮು ನೋಡಿ, ಕೊನೆಗೆ ನನ್ನ ಪೊರಕೆ ರೂಮಿನ ಗೋಡೆಗೆ ಹೊಡೆದ. ಅಲ್ಲಿ ಪೊರಕೆ, ಫಿನಾಯಿಲು, ಹರಿದ ಫೈಲು ಬಿಟ್ಟರೆ ಏನೂ ಇರಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತಿತ್ತು.

"ಏಮ್ಮಾ, ಇದು ಇನ್ನು ನಿನ್ನ ಜವಾಬ್ದಾರಿ," ಅಂದ.

"ಒರೆಸೋದು ನನ್ನ ಜವಾಬ್ದಾರಿ. ಕೆಟ್ಟೋದ್ರೆ ನಿನ್ನ ಜವಾಬ್ದಾರಿ," ಅಂದೆ.

ಅವನು ನಕ್ಕು, ಪೆಟ್ಟಿಗೆಯ ಕೆಳಗಿನಿಂದ ಒಂದು ತೆಳ್ಳನೆ ವೈರನ್ನು ಕಿತ್ತು ತೋರಿಸಿದ. ತುದಿಯಲ್ಲಿ ಹಸಿರು ಬಣ್ಣದ ಮೂತಿ ಇತ್ತು. ಮೂತಿಯ ನಡುವೆ ಬಿಳಿ ಕಡ್ಡಿ. ಆ ಕಡ್ಡಿಯ ಒಳಗೆ ಕೂದಲಿಗಿಂತ ಸಣ್ಣ ಗಾಜಿನ ಎಳೆ ಇದೆ, ಅದರಲ್ಲಿ ಕರೆಂಟು ಹೋಗುವುದಿಲ್ಲ, ಬೆಳಕು ಹೋಗುತ್ತದೆ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ ಅಂದ.

"ಕಾಣ್ದಿರೋ ಬೆಳಕು ಎಂಥದಯ್ಯಾ?"

"ಐತಮ್ಮಾ. ಇದರೊಳಕ್ಕೆ ಇಣುಕಿ ಮಾತ್ರ ನೋಡ್ಬೇಡ, ಕಣ್ಣು ಹೋಗ್ತದೆ. ಈ ಆಸ್ಪತ್ರೆಯಿಂದ ಹೋಗೋದು ಬರೋದು ಎಲ್ಲಾ ಈ ಬಾಯಿಂದಲೇ. ಇದೊಂದು ಬಾಯಿ ಮುಚ್ಚಿದ್ರೆ ನಿಮ್ಮ ಆಸ್ಪತ್ರೆ ಮೂಗಿ."

ಹಾಗೆ ಹೇಳಿ ಮೂತಿಯನ್ನು ಟಕ್ ಅಂತ ಮತ್ತೆ ಸಿಕ್ಕಿಸಿದ. ಕೀಳುವುದೂ ಸಿಕ್ಕಿಸುವುದೂ ಅಷ್ಟೇ ಸುಲಭ ಅಂತ ನಾನು ನೋಡಿಕೊಂಡೆ. ಪೆಟ್ಟಿಗೆಯ ಮೇಲೆ ಹಸಿರು ದೀಪಗಳು ಹತ್ತಿದವು. ದಿನಾ ಪೊರಕೆ ತೆಗೆಯುವಾಗ ಆ ದೀಪ ನೋಡುತ್ತಿದ್ದೆ. ಅವನ್ನು ನೋಡಿ ನನಗೇನೂ ಆಗುತ್ತಿರಲಿಲ್ಲ, ಕಣ್ಣೆದುರಿಗಿತ್ತು, ನೋಡುತ್ತಿದ್ದೆ.

ಆಮೇಲೆ ಎದೆಯ ಮಿಷನ್ ಬಂತು. ಎದೆಗೆ, ಕೈಕಾಲಿಗೆ ವೈರು ಅಂಟಿಸಿದರೆ ಗೀಚು ಗೀಚಾಗಿ ಒಂದು ಚೀಟಿ ಬರುತ್ತದೆ. ಅದೇ ಗೀಚು ಕಂಪ್ಯೂಟರಿನಿಂದ ಕೋಲಾರದ ಹೃದಯದ ಡಾಕ್ಟರಿಗೆ ಹೋಗುತ್ತದೆ. ಅವರು ಅಲ್ಲಿ ಕೂತು ನೋಡಿ ಏನು ಮಾಡಬೇಕು ಅಂತ ಬರೆದು ಕಳಿಸಿದರೆ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅರ್ಧ ಗಂಟೆ ಹಿಡಿಯುತ್ತಿತ್ತು. ಮೊದಲು ಎದೆ ನೋವು ಅಂದವರೆಲ್ಲ ಕೋಲಾರಕ್ಕೆ ಹೋಗಬೇಕಿತ್ತು, ಈಗ ಎದೆ ಇಲ್ಲೇ ಇರುತ್ತದೆ, ಚೀಟಿ ಮಾತ್ರ ಹೋಗಿ ಬರುತ್ತದೆ ಅಂತ ಸಿಸ್ಟರಮ್ಮ ಹೇಳುತ್ತಿದ್ದಳು.

ಆ ವರ್ಷ ಆಯುಧ ಪೂಜೆಗೆ ಎರಡು ದಿನ ರಜೆ, ಹಿಂದೆಯೇ ಭಾನುವಾರ. ಹಾಗಾಗಿ ಆಸ್ಪತ್ರೆಯ ಪೂಜೆಯನ್ನು ಒಂದು ದಿನ ಮುಂಚೆಯೇ ಮಧ್ಯಾಹ್ನ ಮಾಡಿದೆವು. ಎಲ್ಲ ಸಾಮಾನು ತೊಳೆದು ಒರೆಸಿ ಬೊಟ್ಟು ಇಡುವ ಕೆಲಸ ನನ್ನದು. ಪ್ರತಿ ವರ್ಷವೂ ನನ್ನದೇ. ಆಸ್ಪತ್ರೆಯವರು ಬೀರುವಿಗೆ, ಮೇಜಿಗೆ, ತೂಕದ ಮಿಷನ್ನಿಗೆ ಎಲ್ಲೋ ಒಂದು ಕಡೆ ಕುಂಕುಮ ಇಟ್ಟರೆ ಆಯಿತು ಅನ್ನುತ್ತಾರೆ. ನಮ್ಮ ಮನೆಯ ಪದ್ಧತಿ ಹಾಗಲ್ಲ. ಕುಡುಗೋಲಿಗೆ ಹಿಡಿಯ ಮೇಲೆ ಬೊಟ್ಟು ಇಡುವುದಿಲ್ಲ, ಕುಯ್ಯುವ ಬಾಯಿಗೆ ಇಡುತ್ತೇವೆ. ನೇಗಿಲಿಗೆ ನೆಲ ಸೀಳುವ ಗುಳಕ್ಕೆ ಇಡುತ್ತೇವೆ. ಬೀಸುವ ಕಲ್ಲಿಗೆ ರಾಗಿ ಹಾಕುವ ಬಾಯಿಗೆ. ಸಾಮಾನಿನಲ್ಲಿ ಯಾವ ಜಾಗ ಕೆಲಸ ಮಾಡುತ್ತದೋ ಆ ಜಾಗಕ್ಕೆ ಇಡಬೇಕು, ಬೇರೆ ಕಡೆ ಇಟ್ಟರೆ ಅದು ಅಲಂಕಾರ ಅಂತ ನಮ್ಮ ಅತ್ತೆ ಹೇಳುತ್ತಿದ್ದಳು. ಅತ್ತೆ ಅಂದರೆ ನನಗೆ ಅಜ್ಜಿಯೂ ಹೌದು. ಅವಳ ಮಾತನ್ನು ನಾನು ಮೀರಿದವಳಲ್ಲ.

ಕತ್ತರಿಗೆ ಬಾಯಿಗೆ ಇಟ್ಟೆ. ತಕ್ಕಡಿಗೆ ಮುಳ್ಳಿಗೆ ಇಟ್ಟೆ. ಎಲ್ಲ ಆದ ಮೇಲೆ ಪೊರಕೆ ರೂಮಿಗೆ ಬಂದೆ. ಪೊರಕೆಗೆ ತುದಿಗೆ ಇಟ್ಟೆ. ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದರಿಂದ ಕಂಪ್ಯೂಟರಿಗೆ ಹೋಗುವ ದಪ್ಪ ವೈರನ್ನು ಎಳೆದು ನೋಡಿದೆ, ಬರಲಿಲ್ಲ, ಬಿಟ್ಟೆ. ಗಾಜಿನ ವೈರು ಎಳೆದ ಕೂಡಲೇ ಬಂತು. ಹೋಗುವುದು ಬರುವುದು ಎಲ್ಲ ಈ ಬಾಯಿಂದಲೇ ಅಂತ ಆ ಮನುಷ್ಯ ಹೇಳಿದ್ದ. ಬಿಳಿ ಕಡ್ಡಿಯ ತುದಿಗೆ ಒಂದಿಷ್ಟು ತೇದ ಗಂಧ, ಗಂಧದ ಮೇಲೆ ಕುಂಕುಮ. ಇಟ್ಟು ಟಕ್ ಅಂತ ಸಿಕ್ಕಿಸಿದೆ.

ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಿಟುಕ್ ಮಿಟುಕ್ ಅಂತ ಹತ್ತಿತು. ಅದು ಮುಂಚೆ ಯಾವತ್ತೂ ಹತ್ತಿದ್ದಿಲ್ಲ. ಪೂಜೆ ಆದದ್ದು ಅದಕ್ಕೂ ಗೊತ್ತಾಯಿತು ಅಂದುಕೊಂಡೆ. ಊದುಬತ್ತಿ ಆರಿಸಿ, ಬೀಗ ಹಾಕಿ, ಕಡಲೆಪುರಿ ತೆಗೆದುಕೊಂಡು ಮನೆಗೆ ಬಂದೆ.

ವಿಜಯದಶಮಿ ದಿನ ಬೆಳಿಗ್ಗೆ ಮಾವ ಸೊಪ್ಪು ಕುಯ್ದು ಹೊರೆ ಹೊತ್ತು ಬಂದವನು ಹೊರೆಯನ್ನು ಇಳಿಸದೆ ನಿಂತುಕೊಂಡ. ಮುಖದಲ್ಲಿ ಬೆವರು.

"ಏನು ಮಾವ?"

"ಏನಿಲ್ಲ. ಎದೇಲಿ ಏನೋ ಹಿಡ್ಕೊಂಡೈತೆ. ಇಳಿಸು."

ಹೊರೆ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಡೆದೇ ಹೋದೆವು, ದೂರ ಇಲ್ಲ. ರಜೆಯ ದಿನ, ಡಾಕ್ಟರು ಇರಲಿಲ್ಲ. ಸಿಸ್ಟರಮ್ಮ ಒಬ್ಬಳೇ.

"ಏನ್ ತಾತ, ಹಬ್ಬದ ದಿನ ನಮ್ಮನೆಗೆ ಬಂದ್ಬಿಟ್ಟೆ?"

"ಗ್ಯಾಸು ಕಣಮ್ಮಾ. ನೆನ್ನೆ ಒಬ್ಬಟ್ಟು ಒಂದು ಜಾಸ್ತಿ ಆಯ್ತು."

"ಒಂದಲ್ಲ, ಮೂರು," ಅಂದೆ.

"ಎಡಗೈ ನೋಯ್ತೈತಾ?"

"ಸ್ವಲ್ಪ ಎಳೀತದೆ."

"ಒಬ್ಬಟ್ಟು ಎಡಗೈಗೂ ಹೋಗ್ತದಾ ತಾತ? ಅಂಗಿ ಬಿಚ್ಚು, ಮಲ್ಕೋ."

ವೈರು ಅಂಟಿಸಿ ಚೀಟಿ ತೆಗೆದಳು. ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಕಳಿಸಿದೀನಿ, ಅರ್ಧ ಗಂಟೆಗೆ ಹೇಳ್ತಾರೆ, ಅಲ್ಲೀವರೆಗೂ ಎದ್ದೇಳ್ಬೇಡ ಅಂತ ಹೇಳಿ ಒಂದು ಮಾತ್ರೆ ಕೊಟ್ಟಳು. ಅಷ್ಟರಲ್ಲಿ ಪಕ್ಕದ ಊರಿನಿಂದ ಹೆರಿಗೆ ನೋವಿನ ಹೆಂಗಸನ್ನು ಆಟೋದಲ್ಲಿ ತಂದರು. ಸಿಸ್ಟರಮ್ಮ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಕಂಪ್ಯೂಟರು ಸುಮ್ಮನೆ ಇತ್ತು. ಮಾವನಿಗೆ ನೋವು ಸ್ವಲ್ಪ ಇಳಿಯಿತು. ಎದ್ದು ಅಂಗಿ ಹಾಕಿಕೊಂಡ.

"ಎಲ್ಲಿಗೆ?"

"ಹುಳ ಉಪವಾಸ ಅವೆ ಕಣೇ. ನಾಲ್ಕನೇ ಜ್ವರ ಎದ್ದವೆ, ಈಗ ತಿಂದಿದ್ದೇ ಗೂಡು."

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದರೆ ಅವಕ್ಕೆ ತಡೆಯದ ಹಸಿವು. ಅವನು ಹೇಳಿದ್ದು ಸುಳ್ಳಲ್ಲ. ನಾನು ಹೆರಿಗೆ ರೂಮಿನ ಬಾಗಿಲಿಂದ ಕೂಗಿ ಹೇಳಿದೆ. ಬೇಡ, ಇರಕ್ಕೆ ಹೇಳಮ್ಮಾ, ಅಂತ ಸಿಸ್ಟರಮ್ಮ ಒಳಗಿನಿಂದ ಕೂಗಿದಳು. ಅಷ್ಟರಲ್ಲಿ ಅವನು ಪಡಸಾಲೆ ದಾಟಿದ್ದ.

ಮನೆಗೆ ಬಂದಾಗ ಮಗಳ ಫೋನು, ಆಸ್ಪತ್ರೆಯಿಂದಲೇ ನಾನು ಅವಳಿಗೆ ವಿಷಯ ತಿಳಿಸಿದ್ದೆ. ಮುಳಬಾಗಿಲಿಗೆ ಕೊಟ್ಟಿದ್ದೇವೆ. ಅಳಿಯ ಟೊಮೆಟೊ ಸಾಗಿಸುವ ಟೆಂಪೊ ಇಟ್ಟುಕೊಂಡಿದ್ದಾನೆ.

"ಅಮ್ಮಾ, ರಿಪೋರ್ಟು ಏನಂತೆ?"

"ಇನ್ನೂ ಬಂದಿಲ್ಲ."

"ಗಾಡಿ ಬಾಗಿಲಲ್ಲೇ ಐತೆ, ಅವರೂ ಮನೇಲೇ ಅವ್ರೆ. ಬರ್ತೀವಿ. ಅಪ್ಪನ್ನ ಕೋಲಾರಕ್ಕೆ ಹಾಕ್ಕೊಂಡು ಹೋಗಣ."

"ಬ್ಯಾಡ. ಏನಾದ್ರೂ ಇದ್ದಿದ್ರೆ ಇಷ್ಟೊತ್ತಿಗೆ ಬಡ್ಕೊಂಡು ಹೇಳ್ತಿದ್ರು. ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ ಕಣೇ. ಹಬ್ಬದ ದಿನ ಮನೆ ಬಿಟ್ಟು ಬರ್ಬೇಡ."

ಇದನ್ನು ಹೇಳಿದವಳು ನಾನು. ಬೇರೆ ಯಾರೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಕರೆಯುವುದಕ್ಕೆ ಹುಳುಮನೆಗೆ ಹೋದೆ. ಮೂರು ಸಾಲಿನಲ್ಲಿ ಎರಡು ಸಾಲಿಗೆ ಸೊಪ್ಪು ಹಾಕಿದ್ದ. ಮೂರನೇ ಸಾಲಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿ ಸೊಪ್ಪಿನ ಕಡ್ಡಿ. ಮುಟ್ಟಿದೆ. ಆಗಿಹೋಗಿತ್ತು. ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಎರಡು ಸಾಲಿನಿಂದ ಸದ್ದು ಬರುತ್ತಿತ್ತು, ಮೂರನೆಯದರಿಂದ ಬರುತ್ತಿರಲಿಲ್ಲ. ಅವನ ಕೈಯಿಂದ ಕಡ್ಡಿ ಬಿಡಿಸಿಕೊಂಡೆ. ಮೂರನೇ ಸಾಲಿಗೂ ಸೊಪ್ಪು ಹಾಕಿ ಮುಗಿಸಿದೆ. ಆಮೇಲೆ ಹೊರಗೆ ಬಂದು ಕೂಗಿದೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳುವುದಕ್ಕೆ ಬರುವುದಿಲ್ಲ. ಸೊಪ್ಪು ಅಲ್ಲೇ ಇತ್ತು.

ಮಗಳು ಬಂದಳು, ಅತ್ತಳು. ಮಾರನೇ ದಿನ ಮಣ್ಣು ಮಾಡಿದೆವು. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದರು. ನನಗೆ ಅಳು ಬರಲಿಲ್ಲ, ಬಂದವರು ನನ್ನ ಮುಖ ನೋಡಿ ನೋಡಿ ಹೋದರು.

ನಾಲ್ಕನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹೇಳಿ ಕಳಿಸಿದರು. ಹಬ್ಬದಿಂದ ಕಂಪ್ಯೂಟರಿನಿಂದ ಏನೂ ಹೋಗುತ್ತಿಲ್ಲ, ಲೈನಿನವನು ಬಂದಿದ್ದಾನೆ, ಪೊರಕೆ ರೂಮಿನ ಬೀಗದ ಕೈ ಬೇಕು ಅಂತ. ಯಾರ ಕೈಲಾದರೂ ಕೊಡಬಹುದಿತ್ತು. ನಾನೇ ಎದ್ದು ಹೋದೆ. ಸೂತಕದವಳು ಒಳಗೆ ಹೋಗಬಾರದು ಅಂತ ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತು ಬೀಗದ ಕೈ ಎಸೆದೆ. ಅಲ್ಲಿಂದ ಪೊರಕೆ ರೂಮು ನೇರಕ್ಕೆ ಕಾಣುತ್ತದೆ.

ಕೆಂಪು ದೀಪ ಇನ್ನೂ ಮಿಟುಕುತ್ತಿತ್ತು.

ಲೈನಿನವನು ಗಾಜಿನ ವೈರನ್ನು ಕಿತ್ತು ತುದಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಆಮೇಲೆ ನಕ್ಕ.

"ಏಮ್ಮಾ! ಯಾರಮ್ಮಾ ಇದಕ್ಕೆ ಬೊಟ್ಟಿಟ್ಟಿದ್ದು?"

"ನಾನೇ."

"ಪೆಟ್ಟಿಗೆ ಇಷ್ಟು ಅಗಲ ಐತಲ್ಲಮ್ಮಾ, ಇಲ್ಲೇ ಇಡ್ಬೇಕಾ?"

"ಅದೇ ಬಾಯಿ ಅಂತ ನೀನೇ ಹೇಳಿದ್ದು."

"ಹೇಳಿದ್ದೆ. ಬಾಯಿಗೆ ಗಂಧ ಮೆತ್ತಿದ್ರೆ ಮಾತು ಹೆಂಗಮ್ಮಾ ಆಚೆ ಬರ್ತದೆ? ಒಂದು ಧೂಳು ಕೂತ್ರೇನೇ ಬೆಳಕು ಹೋಗಲ್ಲ, ನೀನು ಗೋಡೆ ಕಟ್ಟಿದೀಯ."

ಅವನಿಗೆ ಮಾವನ ವಿಷಯ ಗೊತ್ತಿರಲಿಲ್ಲ. ಅದಕ್ಕೇ ನಕ್ಕ. ಜೇಬಿನಿಂದ ಬಟ್ಟೆ ತೆಗೆದು, ಏನೋ ನೀರು ಹಾಕಿ ಮೂತಿಯನ್ನು ಒರೆಸಿದ, ಪೆಟ್ಟಿಗೆಯ ತೂತನ್ನು ಕಡ್ಡಿಯಲ್ಲಿ ಒರೆಸಿದ, ಸಿಕ್ಕಿಸಿದ. ಕೆಂಪು ಹೋಗಿ ಹಸಿರು ಬಂತು.

ನಾನು ಹೊರಡಬೇಕಿತ್ತು. ನಿಂತೇ ಇದ್ದೆ. ಲೈನಿನವನು ಸಾಮಾನು ಕಟ್ಟಿಕೊಂಡ, ಯಾರೋ ಅವನಿಗೆ ಟೀ ಕೊಟ್ಟರು. ಟೀ ಮುಗಿಯುವ ಹೊತ್ತಿಗೆ ಸಿಸ್ಟರಮ್ಮನ ಫೋನು ಬಡಿಯಿತು. ಸಿಸ್ಟರಮ್ಮ ಪಡಸಾಲೆಗೆ ಬಂದು ಮಾತಾಡಿದಳು.

"ಹೇಳಿ ಸಾರ್... ಯಾವ ಪೇಶೆಂಟು ಸಾರ್?... ಇಲ್ಲ ಸಾರ್, ಇವತ್ತು ನಾವು ಯಾರದ್ದೂ ಕಳಿಸಿಲ್ಲ..." ಅಂದವಳು ನನ್ನನ್ನು ನೋಡಿದಳು. ಧ್ವನಿ ಇಳಿಯಿತು. "ಸಾರ್, ಅದು... ಅದು ಶನಿವಾರದ್ದು ಸಾರ್."

ಒಳಗೆ ಓಡಿ ಹೋಗಿ ಕಂಪ್ಯೂಟರ್ ನೋಡಿದಳು. ಬಂದು ಮೆಟ್ಟಿಲ ಮೇಲೆ ಕೂತಳು.

"ಏನಂತೆ?" ಅಂದೆ.

ಫೋನನ್ನು ಮಡಿಲಿಗೆ ಹಾಕಿಕೊಂಡಳು.

"ಹಾರ್ಟ್ ಅಟ್ಯಾಕ್ ಆಗ್ತಾ ಐತೆ, ಒಂದು ನಿಮಿಷನೂ ನಿಲ್ಲಿಸ್ಬೇಡಿ, ಕೋಲಾರಕ್ಕೆ ಕಳಿಸಿ ಅಂತ ಬರೆದವ್ರೆ. ಕಳಿಸಿದ್ರಾ ಅಂತ ಕೇಳೋಕೆ ಫೋನ್ ಮಾಡಿದ್ರು." ಆಮೇಲೆ ಕಂಪ್ಯೂಟರಿನ ಕಡೆ ಕೈ ತೋರಿಸಿ, "ನಾನು ಒತ್ತಿದ್ದೆ ಕಣಮ್ಮಾ. ಒತ್ತಿದ್ರೆ ಹೋಗ್ತದೆ ಅಂತ ಅಂದ್ಕೊಂಡೆ. ಹೋಯ್ತಾ ಅಂತ ನೋಡ್ಲಿಲ್ಲ. ಆ ಮಗು ತಲೆ ಬರ್ತಿತ್ತು ಆಗ," ಅಂದಳು.

ಲೈನಿನವನು ಎಲ್ಲ ಕೇಳಿಸಿಕೊಂಡಿದ್ದ. ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ. ಈಗ ನಗುತ್ತಿರಲಿಲ್ಲ.

"ಅದು ಎಲ್ಲಿ ಕೂತಿತ್ತು, ನನಗೆ ಹೇಳು," ಅಂದೆ ಅವನಿಗೆ.

"ಬಿಡಮ್ಮಾ, ಈಗ್ಯಾಕೆ."

"ಯಾಕೋ. ಹೇಳು."

ಅವನು ಬೈಕಿನ ಸೀಟಿನ ಮೇಲೆ ಒರಗಿ ಹೇಳಿದ. ಮೊದಲು ತಡವರಿಸಿದ, ಆಮೇಲೆ ಅವನ ಕೆಲಸದ ಮಾತು ಅಲ್ಲವಾ, ಸರಾಗವಾಗಿ ಬಂತು. ಅವನ ತಂದೆ ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ ಕ್ರೇಟು ಇಳಿಸುತ್ತಿದ್ದನಂತೆ, ಹಾಗಾಗಿ ಎಲ್ಲದಕ್ಕೂ ಕ್ರೇಟನ್ನೇ ತಂದ.

ಚೀಟಿ ಇಡಿಯಾಗಿ ಹೋಗುವುದಿಲ್ಲ. ಕಂಪ್ಯೂಟರು ಅದನ್ನು ಚೂರು ಚೂರು ಮಾಡುತ್ತದೆ, ಒಂದು ತೋಟದ ಹಣ್ಣನ್ನು ಕ್ರೇಟಿಗೆ ತುಂಬಿದ ಹಾಗೆ. ಒಂದೊಂದು ಚೂರಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೇ ಚೂರು ಅಂತ ಬರೆದಿರುತ್ತದೆ. ಲೋಕದಲ್ಲಿ ಲೈನಿಗೆ ಬಿದ್ದ ಒಂದೊಂದು ಮಿಷನ್ನಿಗೂ ಒಂದೊಂದು ನಂಬರು ಇದೆ, ಅದೇ ವಿಳಾಸ. ಚೂರುಗಳು ಪೆಟ್ಟಿಗೆಗೆ ಬರುತ್ತವೆ, ಪೆಟ್ಟಿಗೆ ಅವನ್ನು ಬೆಳಕು ಮಾಡಿ ಗಾಜಿನೊಳಕ್ಕೆ ಬಿಡುತ್ತದೆ. ಹತ್ತಿ ಆರಿ ಹತ್ತಿ ಆರಿ ಹೋಗುವ ಬೆಳಕು. ದಾರಿಯಲ್ಲಿ ಅಲ್ಲಲ್ಲಿ ದೊಡ್ಡ ಪೆಟ್ಟಿಗೆಗಳಿವೆ. ಅವು ಚೂರಿನ ಒಳಗೆ ಏನಿದೆ ಅಂತ ನೋಡುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿದ ಹಾಗೆ ವಿಳಾಸ ಮಾತ್ರ ನೋಡಿ ಮುಂದಕ್ಕೆ ತಳ್ಳುತ್ತವೆ.

"ಒಳಗೆ ಸಾಯ್ತಾ ಇರೋನ ಎದೆ ಐತೋ, ಯಾರದೋ ಮದ್ವೆ ಫೋಟೋ ಐತೋ ಅವಕ್ಕೆ ಗೊತ್ತಿಲ್ಲಮ್ಮಾ. ಶ್ರೀನಿವಾಸಪುರಕ್ಕೆ ಹೋಗ್ತದೆ, ಅಲ್ಲಿಂದ ಕೋಲಾರ, ಅಲ್ಲಿಂದ ಮಾಲೂರಿನ ಮೇಲೆ ಬೆಂಗಳೂರು. ಆ ಡಾಕ್ಟ್ರ ಸಾಮಾನೆಲ್ಲಾ ಅಲ್ಲಿರೋ ದೊಡ್ಡ ಮಿಷನ್ನಲ್ಲಿ ಇರ್ತದೆ. ಅಲ್ಲಿಂದ ವಾಪಸ್ ಕೋಲಾರಕ್ಕೆ."

"ಕೋಲಾರದ ಮೇಲೇ ಹೋಗಿ, ಬೆಂಗಳೂರು ಮುಟ್ಟಿ, ಮತ್ತೆ ಕೋಲಾರಕ್ಕೆ ಬರೋದಾ?"

"ಊಂ. ಆದ್ರೆ ನೀನು ರೆಪ್ಪೆ ಮುಚ್ಚಿ ತೆಗೆಯೋದ್ರೊಳಗೆ."

"ದಾರೀಲಿ ಕಿತ್ತೋದ್ರೆ?"

"ಒಂದು ದಾರಿ ಕಿತ್ತೋದ್ರೆ ಚಿಂತಾಮಣಿ ಕಡೆಯಿಂದ ಹೋಗ್ತದೆ. ಊರಾಚೆಗೆ ಹತ್ತು ದಾರಿ ಅವೆ. ಈ ಗೋಡೆಯಿಂದ ಆ ಕಂಬಕ್ಕೆ ಮಾತ್ರ ಒಂದೇ ದಾರಿ."

ಆ ಒಂದೇ ದಾರಿಗೆ ನಾನು ಬೊಟ್ಟು ಇಟ್ಟಿದ್ದೆ. ಅವನು ಹಾಗೆ ಬಾಯಿ ಬಿಟ್ಟು ಹೇಳಲಿಲ್ಲ.

"ಹೋಗ್ಲಿಲ್ಲ ಅಂದ್ರೆ ಆ ಚೂರು ಎಲ್ಲಿ ಇರ್ತದೆ?"

"ಕಂಪ್ಯೂಟರಲ್ಲೇ. ಆ ಕಡೆಯಿಂದ ಬಂತು ಅಂತ ಜವಾಬು ಬರೋ ತನಕ ಈ ಕಡೆಯೋನು ಅಸಲನ್ನ ಬಿಡಲ್ಲ. ಕ್ರೇಟು ಕಳಿಸಿದ ಮೇಲೆ ಹಣ್ಣು ಖಾಲಿ. ಇಲ್ಲಿ ಹಂಗಲ್ಲ, ಹೋಗೋದು ನಕಲು. ಕಳಿಸ್ತದೆ, ಕಾಯ್ತದೆ. ಜವಾಬು ಬರ್ಲಿಲ್ಲ ಅಂದ್ರೆ ಮತ್ತೆ ಕಳಿಸ್ತದೆ."

"ಮೂರು ದಿನ ಕಳಿಸ್ತಾನೇ ಇತ್ತಾ?"

"ಇತ್ತು. ಬಿಟ್ಟು ಬಿಟ್ಟು."

"ಅದಕ್ಕೆ ಬೇಜಾರಾಗಲ್ವಾ?"

"ಮಿಷನ್‌ಗೇನಮ್ಮಾ ಬೇಜಾರು."

ನನಗೂ ಆ ಹೊತ್ತಿಗೆ ಇರಲಿಲ್ಲ. ಇನ್ನೊಂದು ಮಾತು ಕೇಳಬೇಕಿತ್ತು, ಅದನ್ನು ಕೇಳಿದೆ. "ಡಾಕ್ಟ್ರು ನೋಡಿ ಏನೂ ಇಲ್ಲ ಅಂತ ಕಂಡ್ರೆ ಸುಮ್ಮನೆ ಇರ್ತಾರಾ?"

"ಇಲ್ಲಮ್ಮಾ. ಏನೂ ಇಲ್ಲ ಅನ್ನೋದಕ್ಕೂ ಒಂದು ಚೀಟಿ ಬರ್ತದೆ. ಸುಮ್ಮನೆ ಐತೆ ಅಂದ್ರೆ ಹೋಗಿ ತಲುಪಿಲ್ಲ ಅಂತಲೇ ತಿಳ್ಕೋಬೇಕು."

ಬೀಗದ ಕೈ ಇಸಿದುಕೊಂಡು ಮನೆಗೆ ಬಂದೆ.

ಹನ್ನೊಂದು ದಿನ ಕಳೆದು ಕೆಲಸಕ್ಕೆ ಹೋದಾಗ ಸಿಸ್ಟರಮ್ಮ ನನ್ನನ್ನು ಒಂದು ಪಕ್ಕಕ್ಕೆ ಕರೆದಳು. "ಬೊಟ್ಟಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಲೈನ್ ಕೆಟ್ಟಿತ್ತು ಅಂತ ಬರೆದಿದೀನಿ. ನೀನೂ ಹೇಳ್ಬೇಡ, ನಿನ್ನ ಕೆಲಸ ಹೋಗ್ತದೆ," ಅಂದಳು. ಹೂಂ ಅಂದೆ.

ಆದರೆ ಮಗಳು ಬಿಡಲಿಲ್ಲ. ರಿಪೋರ್ಟು ನಾಲ್ಕನೇ ದಿನ ಬಂತು ಅನ್ನುವುದು ಅವಳ ಕಿವಿಗೆ ಬಿತ್ತು. ಆ ನರ್ಸು ಕಳಿಸಲೇ ಇಲ್ಲ, ಸತ್ತ ಮೇಲೆ ತಪ್ಪು ಮುಚ್ಚಿಕೊಳ್ಳುವುದಕ್ಕೆ ಕಳಿಸಿದ್ದಾಳೆ ಅಂತ ದೂರು ಬರೆಸಿದಳು. ಕೋಲಾರದಿಂದ ಸಿಸ್ಟರಮ್ಮನಿಗೆ ಮೆಮೊ ಬಂತು. ವಿಚಾರಣೆಗೆ ಬಾ, ಯಾಕೆ ನಿನ್ನನ್ನು ಕೆಲಸದಿಂದ ತೆಗೆಯಬಾರದು ಹೇಳು ಅಂತ. ಅವಳದು ಗುತ್ತಿಗೆ ಕೆಲಸ, ತೆಗೆಯುವುದು ಕಷ್ಟ ಅಲ್ಲ. ಆ ಮೆಮೊವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಳು. ನಾನು ದಿನಾ ಆ ಗಾಜು ಒರೆಸುತ್ತಿದ್ದೆ. ಅವಳು ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಹೆದರಿಕೆ ಅಂತ ಅಲ್ಲ, ನಾಚಿಕೆ ಅಂತಲೂ ಅಲ್ಲ. ಒಳಗೆ ಏನೂ ಇರಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಗುಡಿಸುತ್ತಿದ್ದೆ.

ವಿಚಾರಣೆಗೆ ಎರಡು ದಿನ ಇದೆ ಅನ್ನುವಾಗ ಗಾಜು ಒರೆಸುತ್ತಾ ನೋಡಿದೆ, ಸಿಸ್ಟರಮ್ಮ ಮೆಮೊಗೆ ಉತ್ತರ ಬರೆದು ಇಟ್ಟಿದ್ದಳು. ನಿಧಾನಕ್ಕೆ ಓದಿದೆ. ಹೋಯಿತೋ ಇಲ್ಲವೋ ನೋಡದೆ ಇದ್ದದ್ದು ನನ್ನ ತಪ್ಪು ಅಂತ ಬರೆದಿದ್ದಳು. ಬೊಟ್ಟು ಅನ್ನುವ ಅಕ್ಷರ ಎಲ್ಲೂ ಇರಲಿಲ್ಲ. ಎರಡು ಸಲ ಹುಡುಕಿದೆ.

ಅವತ್ತೇ ಮುಳಬಾಗಿಲಿಗೆ ಹೋದೆ.

ಅವರೆಕಾಯಿ ಕಾಲ. ಮಗಳು ಅಡಿಗೆಮನೆಯಲ್ಲಿ ನೆನೆಹಾಕಿದ ಅವರೆಕಾಳನ್ನು ಮುಂದೆ ಇಟ್ಟುಕೊಂಡು ಹಿಸುಕುತ್ತಾ ಕೂತಿದ್ದಳು. ನಾನೂ ಎದುರಿಗೆ ಕೂತು ಹಿಸುಕಿದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ನಾಳಿದ್ದು ನೀನೂ ಕೋಲಾರಕ್ಕೆ ಬರ್ಬೇಕಮ್ಮಾ," ಅಂದಳು. "ಅವಳು ಹೆಂಗೆ ಒಳಕ್ಕೆ ಹೋಗಿ ಕೂತ್ಕೊಂಡ್ಲು, ತಿರುಗಿ ನೋಡ್ಲಿಲ್ಲ ಅಂತ ನೀನೇ ಹೇಳ್ಬೇಕು."

"ಅವಳು ಕಳಿಸಿದ್ಲು ಕಣೇ. ಹೋಗ್ಲಿಲ್ಲ. ವೈರಿನ ಬಾಯಿಗೆ ನಾನು ಬೊಟ್ಟು ಇಟ್ಟಿದ್ದೆ, ಆಯುಧ ಪೂಜೆಗೆ. ಅಲ್ಲೇ ನಿಂತ್ಕೊಳ್ತು."

ಅವಳು ಹಿಸುಕುತ್ತಾ ಇದ್ದಳು. ತಲೆ ಎತ್ತಲಿಲ್ಲ. ನಾನು ಒಂದು ಹಿಡಿ ಕಾಳು ಮುಗಿಸುವವರೆಗೂ ಕಾದೆ.

"ಚೀಟಿ ಅಲ್ಲೇ ನಿಂತ್ಕೊಳ್ತು. ಬೊಟ್ಟು ಇಟ್ಟೋಳು ನಾನು."

ಇನ್ನೊಂದು ಹಿಡಿ ಆಯಿತು.

"ಕೇಳಿಸ್ತೇನೇ? ಗಂಧ, ಕುಂಕುಮ ಎರಡೂ ನಾನೇ..."

"ಕೇಳಿಸ್ತು ಕಣಮ್ಮಾ!" ಅಂದಳು. "ಮೂರು ಸಲ ಹೇಳ್ಬೇಡ."

ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಗಾಡಿ ಬಾಗಿಲಲ್ಲೇ ಇತ್ತಮ್ಮಾ ಅವತ್ತು. ಕೀ ನನ್ನ ಕೈಯಲ್ಲಿತ್ತು. ಬೊಟ್ಟು ಇಟ್ಟಿದ್ದು ನಿನಗೆ ಗೊತ್ತಾಗ್ಲಿಲ್ಲ, ಸರಿ. ಬರ್ಬೇಡ ಅಂತ ಯಾಕಮ್ಮಾ ಹೇಳ್ದೆ?"

"ಸುಮ್ಮನೆ ಐತಲ್ಲಾ, ಏನೂ ಇಲ್ಲ ಅಂದ್ಕೊಂಡೆ."

ಅವಳು ಎದ್ದು ಹೋದಳು. ಉಳಿದ ಕಾಳನ್ನು ನಾನೊಬ್ಬಳೇ ಹಿಸುಕಿದೆ. ರಾತ್ರಿ ಅದರ ಸಾರು ಮಾಡಿ ಬಡಿಸಿದಳು.

ವಿಚಾರಣೆಯ ದಿನ ಇಬ್ಬರೂ ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೋದೆವು. ಅವಳು ಮುಂದಿನ ಸೀಟು, ನಾನು ಹಿಂದಿನದು. ಆಫೀಸಿನ ಬೆಂಚಿನ ಮೇಲೆ ಸಿಸ್ಟರಮ್ಮ ಕೂತಿದ್ದಳು. ಮಗಳು ನೇರ ಒಳಗೆ ಹೋಗಿ, ದೂರು ವಾಪಸ್ ತಗೋತೀನಿ ಅಂದಳು. ಹಾಗೆಲ್ಲ ಆಗಲ್ಲ, ಕಾರಣ ಬ್ಯಾಡವಾ ಅಂದರು ಆಫೀಸರು. ಕಾರಣ ಇವರು ಅಂತ ನನ್ನನ್ನು ತೋರಿಸಿದಳು.

ಆಫೀಸರು ನನ್ನನ್ನು ಕೇಳಿದರು. ಎಲ್ಲ ಹೇಳಿದೆ. ಸಿಸ್ಟರಮ್ಮ ಬಾಗಿಲಲ್ಲಿ ನಿಂತು ಬೇಡ ಅನ್ನುವ ಹಾಗೆ ತಲೆ ಆಡಿಸಿದಳು, ನಾನು ಅವಳ ಕಡೆ ನೋಡಲಿಲ್ಲ. ಆಫೀಸರು ಮುಗಿಯುವ ತನಕ ಕೇಳಿ, "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮಾ, ಬರೆದು ಕೊಡ್ಬೇಕು. ಬರೆಯೋಕೆ ಬರ್ತದಾ?" ಅಂದರು.

"ಬರ್ತದೆ. ಹೊತ್ತಾಗ್ತದೆ."

ನಾಲ್ಕು ಸಾಲು ಬರೆದೆ. ಆಯುಧ ಪೂಜೆಯಲ್ಲಿ ಲೈನಿನ ವೈರು ಕಿತ್ತು ತುದಿಗೆ ಬೊಟ್ಟು ಇಟ್ಟವಳು ನಾನು. ಅದರಿಂದ ಲೈನು ನಿಂತಿದೆ. ಸಿಸ್ಟರಮ್ಮ ಚೀಟಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸತ್ತವನು ನನ್ನ ಗಂಡ. ಸಹಿ ಮಾಡಿದೆ. ಅದನ್ನೇ ಇನ್ನೊಂದು ಹಾಳೆಯಲ್ಲಿ ಮತ್ತೆ ಬರೆದೆ. ಗುಮಾಸ್ತ ಮೊದಲನೆಯದನ್ನು ಫೈಲಿಗೆ ಸೇರಿಸಿಕೊಂಡು, ಹೋಗಮ್ಮಾ ಆಯ್ತು ಅಂದ.

"ಇದರ ಮೇಲೆ ಬಂತು ಅಂತ ಹಾಕ್ಕೊಡು," ಅಂತ ಎರಡನೇ ಹಾಳೆ ಮುಂದಕ್ಕೆ ಇಟ್ಟೆ.

"ನಾನೇ ತಗೊಂಡ್ನಲ್ಲಮ್ಮಾ, ನಿನ್ನ ಕಣ್ಮುಂದೆ!"

"ಹಾಕು."

ಮೊಹರು ಒತ್ತಿ, ತಾರೀಕು ಹಾಕಿ ಕೊಟ್ಟ. ಆ ಹಾಳೆ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡೆ. ಈಗಲೂ ಇದೆ. ನಾಲ್ಕು ಸಾಲಿನಲ್ಲಿ ಬರೆಯುವುದಕ್ಕೆ ಜಾಗ ಸಾಲದ್ದನ್ನು ಈಗ ಇಲ್ಲಿ ಬರೆದಿದ್ದೇನೆ.

ಸಿಸ್ಟರಮ್ಮನ ಕೆಲಸ ಉಳಿಯಿತು, ಇನ್ನು ಮೇಲೆ ಹೋಯಿತೋ ಇಲ್ಲವೋ ನೋಡಬೇಕು ಅಂತ ಬರೆದು ಎಚ್ಚರಿಕೆ ಕೊಟ್ಟರು. ನನ್ನನ್ನೂ ತೆಗೆಯಲಿಲ್ಲ, ಪೆಟ್ಟಿಗೆಯನ್ನು ಡಾಕ್ಟರ ರೂಮಿಗೆ ಸಾಗಿಸಿದರು. ಪೊರಕೆ ರೂಮಿನ ಗೋಡೆಯಲ್ಲಿ ಎರಡು ಮೊಳೆ ತೂತು ಉಳಿದಿವೆ.

ವಿಚಾರಣೆ ಮುಗಿದ ದಿನ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮಗಳ ಬಸ್ಸು ಮೊದಲು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಎರಡು ದಿನದಲ್ಲಿ ಅವಳಾಗಿ ನನಗೆ ಒಂದು ಮಾತು ಆಡಿರಲಿಲ್ಲ. ಬಸ್ಸು ಹೊರಡುವಾಗ, "ಊರು ಸೇರಿದ ಮೇಲೆ ಫೋನ್ ಮಾಡು," ಅಂದಳು.

ಮನೆಗೆ ಬಂದು, ಕಾಲು ತೊಳೆದು, ಫೋನ್ ಮಾಡಿದೆ. ಬಡಿದು ಬಡಿದು ನಿಂತಿತು, ಎತ್ತಲಿಲ್ಲ. ಸ್ವಲ್ಪ ಹೊತ್ತು ಕೂತೆ. ಮತ್ತೆ ಮಾಡಿದೆ. ಎತ್ತಲಿಲ್ಲ. ಹೊಸ ಹುಳು ತಂದು ನಾಲ್ಕು ದಿನ ಆಗಿತ್ತು. ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದೆ, ಸಣ್ಣ ಎಲೆ ಕತ್ತರಿಸಿ ಹಾಕಿದ್ದರು. ನಾನೂ ಒಂದು ಸಲ ಹಾಕಿ ಬಂದು, ಮೂರನೇ ಸಲ ಮಾಡಿದೆ.

"ಬಂದ್ಯಾ?" ಅಂದಳು.

"ಬಂದೆ."

"ಸರಿ," ಅಂತ ಇಟ್ಟಳು.